ಜೀವನಚರಿತ್ರೆಗಳ ಕಪಾಟಿನ ಮುಂದೆ

ಕಾಲೇಜಿನ ದಿನಗಳೆಂದರೆ ನನಗೆ ಮೊದಲು ನೆನಪಾಗುವವರು ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿದ್ದ ನಮ್ಮ ಇತಿಹಾಸದ ಮೇಡಂ. ಆತ್ಮಕಥೆಯನ್ನೋ ಜೀವನಚರಿತ್ರೆಯನ್ನೋ ಕೇಳಿದರೆ ತೆಗೆದುಕೊಡುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು. "ಇದನ್ನ ಯಾರು, ಎಂಥ ಸ್ಥಿತಿಯಲ್ಲಿ ಕೂತು ಬರೆದರು ಅಂತ ತಿಳ್ಕೊಂಡು ಓದು. ಏನು ಹೇಳದೆ ಬಿಟ್ಟಿದ್ದಾರೆ ಅಂತಲೂ ನೋಡು." ಇಂದಿಗೂ ನಾನು ಓದುವುದು ಹಾಗೆಯೇ.

ಹಾಗೆ ಓದಿದವುಗಳಲ್ಲಿ ಫ್ರೆಡೆರಿಕ್ ಡಗ್ಲಸ್ ಅವರ ಆತ್ಮಕಥೆಗೆ ಸಾಟಿಯಿಲ್ಲ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಹುಡುಗನಿಗೆ ಒಡತಿ ಅಕ್ಷರ ಹೇಳಿಕೊಡತೊಡಗಿದಳು. ಓದು ಬಂದವನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಅವಳ ಗಂಡ ತಡೆದ. ಬಿಡುಗಡೆಯ ದಾರಿ ಯಾವುದೆಂದು ಆ ಮಾತಿನಿಂದಲೇ ಹುಡುಗನಿಗೆ ಹೊಳೆಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ಬ್ರೆಡ್ ಕೊಟ್ಟು ಪಾಠ ಹೇಳಿಸಿಕೊಂಡ. ಹಡಗು ಕಟ್ಟುವಲ್ಲಿ ಬಡಗಿಗಳು ಪ್ರತಿ ಮರದ ತುಂಡಿನ ಮೇಲೆ ಅದು ಯಾವ ಭಾಗಕ್ಕೆಂದು ಅಕ್ಷರ ಗುರುತು ಹಾಕುತ್ತಿದ್ದರು. ಎಡಬದಿಯದಕ್ಕೆ (ಲಾರ್ಬೋರ್ಡ್) ಎಲ್, ಬಲಬದಿಯದಕ್ಕೆ (ಸ್ಟಾರ್ಬೋರ್ಡ್) ಎಸ್. ಅವನ್ನೇ ನೋಡಿ ಬರೆಯಲು ಕಲಿತ. ಬೇಲಿಯ ಹಲಗೆ, ಇಟ್ಟಿಗೆ ಗೋಡೆ, ಕಲ್ಲುಹಾಸುಗಳೇ ಕಾಪಿಪುಸ್ತಕ, ಸುಣ್ಣದ ಕಡ್ಡಿಯೇ ಪೆನ್ನು.

ಡಗ್ಲಸ್ ತಪ್ಪಿಸಿಕೊಂಡದ್ದು 1838ರಲ್ಲಿ. ಆದರೆ 1845ರ ಆತ್ಮಕಥೆಯಲ್ಲಿ ಅದು ಹೇಗೆಂಬುದನ್ನು ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ನೆರವಾದವರಿಗೆ ಕುತ್ತು, ಹಿಂದೆ ಉಳಿದವರಿಗೆ ಆ ದಾರಿಯೂ ಬಂದ್. ನಾವಿಕನ ಉಡುಪು ತೊಟ್ಟು, ಇನ್ನೊಬ್ಬರ ಕಾಗದಪತ್ರ ಹಿಡಿದು ರೈಲು ಹತ್ತಿದ ವಿವರ ಬರುವುದು 1881ರ ಮೂರನೆಯ ಆತ್ಮಕಥೆಯಲ್ಲಿ, ಗುಲಾಮಗಿರಿಯೇ ರದ್ದಾದ ಮೇಲೆ. ಬರೆಯದೆ ಬಿಟ್ಟ ಒಂದು ಪುಟದಲ್ಲಿ ಇಷ್ಟು ಹೊಣೆಗಾರಿಕೆ ಇರಬಹುದೆಂದು ನನಗೆ ತೋರಿಸಿಕೊಟ್ಟ ಪುಸ್ತಕವಿದು.

ಮಂಡೇಲಾ ಅವರ ಆತ್ಮಕಥೆ ಅಚ್ಚಾದದ್ದು 1994ರಲ್ಲಿ. ಬರವಣಿಗೆ ಶುರುವಾದದ್ದು ಮಾತ್ರ ರಾಬೆನ್ ದ್ವೀಪದ ಜೈಲಿನಲ್ಲಿ, ರಾತ್ರಿಗಳಲ್ಲಿ, ಕಾವಲುಗಾರರ ಕಣ್ಣು ತಪ್ಪಿಸಿ. ಜೊತೆಯ ಕೈದಿ ಮ್ಯಾಕ್ ಮಹಾರಾಜ್ ಅದನ್ನು ಸಣ್ಣ ಅಕ್ಷರಗಳಲ್ಲಿ ನಕಲು ಮಾಡಿ, 1976ರಲ್ಲಿ ಬಿಡುಗಡೆಯಾದಾಗ ಹೊರಗೆ ಸಾಗಿಸಿದರು. ಮೂಲ ಪ್ರತಿಯನ್ನು ಕೋಕೋ ಡಬ್ಬಿಗಳಲ್ಲಿ ತುಂಬಿ ಜೈಲಿನ ಅಂಗಳದಲ್ಲಿ ಹೂತಿದ್ದರು. ಗೋಡೆ ಕಟ್ಟಲು ನೆಲ ಅಗೆದಾಗ ಸಿಕ್ಕಿಬಿತ್ತು. ಶಿಕ್ಷೆಯೆಂದು ನಾಲ್ಕು ವರ್ಷ ವ್ಯಾಸಂಗದ ಅವಕಾಶವನ್ನೇ ಕಿತ್ತುಕೊಂಡರು. ಇದನ್ನು ತಿಳಿದು ಓದಿದರೆ ಜೈಲಿನ ಅಧ್ಯಾಯಗಳ ತೂಕವೇ ಬೇರೆ.

ಮೇರಿ ಕ್ಯೂರಿ ಅವರ ಬದುಕನ್ನು ಮಗಳು ಈವ್ 1937ರಲ್ಲಿ ಬರೆದಳು. ತಾಯಿ ತೀರಿಕೊಂಡು ಮೂರೇ ವರ್ಷವಾಗಿತ್ತು. ಸೋರುವ ಷೆಡ್ಡಿನಲ್ಲಿ ರೇಡಿಯಂ ಬೇರ್ಪಡಿಸಿದ ಪುಟಗಳು ಅದ್ಭುತ. 1911ರಲ್ಲಿ ಪತ್ರಿಕೆಗಳು ತಾಯಿಯ ಖಾಸಗಿ ಬದುಕನ್ನು ಬೀದಿಗೆಳೆದ ಸಂಗತಿಯ ವಿವರಕ್ಕೆ ಮಾತ್ರ ಈವ್ ಹೋಗುವುದಿಲ್ಲ. ಮಗಳ ಪ್ರೀತಿ ಅದು. ಅದಕ್ಕಾಗಿ ಪುಸ್ತಕವನ್ನು ಕೆಳಗಿಡಬೇಡಿ, ನಂತರದವರು ಬರೆದ ಇನ್ನೊಂದನ್ನೂ ಜೊತೆಗಿಟ್ಟುಕೊಳ್ಳಿ.

ಈಗ ಓದುತ್ತಿರುವ ನೀವು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ, ಎಳವೆಯಲ್ಲೇ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡ ಹೆಲೆನ್ ಕೆಲರ್ ಅವರ 1903ರ ಆತ್ಮಕಥೆ ಎನ್ನುತ್ತೇನೆ. ಗುರು ಆ್ಯನ್ ಸಲಿವನ್ ಅವರ ಪತ್ರಗಳನ್ನೂ ಸೇರಿಸಿದ ಆವೃತ್ತಿಯನ್ನೇ ಹುಡುಕಿ. ಕೈಮೇಲೆ ನೀರು ಹರಿಯುವಾಗ ಮಗುವಿಗೆ ಪದದ ಅರ್ಥ ಹೊಳೆದ ಆ ಬೆಳಗನ್ನು ಶಿಷ್ಯೆ ವರ್ಷಗಳ ಬಳಿಕ ನೆನಪಿನಿಂದ ಬರೆದಿದ್ದಾರೆ. ಗುರು ಅದೇ ದಿನ, 1887ರ ಏಪ್ರಿಲ್ 5ರಂದು, ಪತ್ರದಲ್ಲಿ ಬರೆದಿದ್ದಾರೆ. ಪತ್ರವನ್ನೇ ಮೊದಲು ಓದಿ.