ಬೆಕ್ಕಿನ ಮುಖ, ಕಂಪ್ಯೂಟರ್ ಲೆಕ್ಕ

ನಿನ್ನೆ ರಾತ್ರಿ ಆ ಹಳೇ ವಿಡಿಯೋ ಮತ್ತೆ ಕಣ್ಣಿಗೆ ಬಿತ್ತು. 2021ರಲ್ಲಿ ಟೆಕ್ಸಾಸ್‌ನ ಕೋರ್ಟೊಂದರ ಝೂಮ್ ವಿಚಾರಣೆಯಲ್ಲಿ ವಕೀಲರೊಬ್ಬರ ಮುಖ ವಿಡಿಯೋ ಫಿಲ್ಟರ್‌ನಿಂದಾಗಿ ಬೆಕ್ಕಿನ ಮರಿಯಾಗಿಬಿಟ್ಟಿತ್ತಲ್ಲ, ಅದೇ. 'ನಾನು ಬೆಕ್ಕಲ್ಲ' ಅಂತ ಅವರು ಗಾಬರಿಯಲ್ಲಿ ಹೇಳುವುದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆಮೇಲೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣ ನೆನಪಾಗಿ ನಗು ನಿಂತೇಹೋಯಿತು. ಅಲ್ಲೂ ತಪ್ಪು ಸಾಫ್ಟ್‌ವೇರ್‌ನದೇ. ಫುಜಿತ್ಸು ಕಂಪನಿಯ ಹೊರೈಜನ್ ಸಿಸ್ಟಮ್ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸುತ್ತಿತ್ತು, ಊರೂರಿನ ಪೋಸ್ಟ್ ಆಫೀಸ್ ನಡೆಸುತ್ತಿದ್ದವರು 'ನಾವು ಕದ್ದಿಲ್ಲ' ಅಂತ ಎಷ್ಟು ಬೇಡಿಕೊಂಡರೂ ಕೋರ್ಟುಗಳು ಕಂಪ್ಯೂಟರನ್ನೇ ನಂಬಿದವು. 1999ರಿಂದ 2015ರವರೆಗೆ 900ಕ್ಕೂ ಜಾಸ್ತಿ ಜನ ಅಪರಾಧಿಗಳಾದರು. ಕೆಲವರು ಜೈಲಿಗೆ ಹೋದರು. ಎಷ್ಟೋ ಜನ ಮನೆ ಮಾರಿ, ಕದಿಯದ ದುಡ್ಡನ್ನು ಕಟ್ಟಿದರು!

ಬೆಕ್ಕಿನ ಮುಖ ಎಲ್ಲರಿಗೂ ಕಾಣುತ್ತದೆ, ಅದಕ್ಕೇ ವಕೀಲರ ಮಾತನ್ನು ಎಲ್ಲರೂ ತಕ್ಷಣ ನಂಬಿದರು. ಲೆಕ್ಕದ ತಪ್ಪು ಒಳಗಿರುತ್ತದೆ, ಅದನ್ನು ತೆರೆದು ನೋಡುವ ಅಧಿಕಾರ ಆರೋಪ ಹೊರಿಸಿದ ಪೋಸ್ಟ್ ಆಫೀಸ್ ಸಂಸ್ಥೆಯ ಕೈಯಲ್ಲೇ ಇತ್ತು. ಇದು ನನಗೆ ತುಂಬಾ ಸಿಟ್ಟು ತರಿಸುತ್ತದೆ.

ಹಿಂದೆ ಇಂಥದೇ ಒಂದು ಪೋಸ್ಟ್ ಆಫೀಸ್ ನಡೆಸುತ್ತಿದ್ದ ಅಲನ್ ಬೇಟ್ಸ್ ಮತ್ತು ಅವರ ಜೊತೆಗಾರರು ಬಿಡದೆ ಹೋರಾಡಿದ ಮೇಲೆ, ಸಿಸ್ಟಮ್‌ನಲ್ಲಿ ದೋಷ ಇತ್ತು ಅಂತ 2019ರಲ್ಲಿ ಹೈಕೋರ್ಟ್ ಒಪ್ಪಿತು. 2024ರ ಜನವರಿಯಲ್ಲಿ ಟಿವಿಯಲ್ಲಿ ಇದರ ಕತೆ ಬಂದು ಜನ ರೊಚ್ಚಿಗೆದ್ದರು. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು ಅದೇ ವರ್ಷ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಕೆಲವರು ಕಳ್ಳರು ಅನ್ನಿಸಿಕೊಂಡೇ ತೀರಿಹೋಗಿದ್ದರು.