ಇಬ್ಬರು ಲಕ್ಷ್ಮಮ್ಮಂದಿರು, ಒಂದು ಟ್ರೀಸೆಟ್

"ಮೇಡಂ, ಲಕ್ಷ್ಮಮ್ಮಂಗೆ ಈ ಸಲ ದುಡ್ಡೇ ಬಂದಿಲ್ವಂತೆ. ದಿನಾ ಎರಡು ಹೊತ್ತೂ ಹಾಲು ಹಾಕಿದಾಳೆ ಪಾಪ."

ಹಳ್ಳಿಯೊಂದರ ಹಾಲಿನ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. ಅವರ ಬಟವಾಡೆ ಪಟ್ಟಿಯ ಸಾಫ್ಟ್‌ವೇರ್ ಬರೆದವಳು ನಾನೇ. ಪಟ್ಟಿ ತೆಗೆದು ನೋಡಿದೆ. ಲಕ್ಷ್ಮಮ್ಮ ಇದ್ದರು, ದುಡ್ಡೂ ಹೋಗಿತ್ತು. "ಹೋಗಿದೆಯಲ್ಲ ಸಾರ್" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಮೇಲಿನ ಬೀದಿ ಲಕ್ಷ್ಮಮ್ಮ ಮೇಡಂ. ನಾನು ಹೇಳ್ತಿರೋದು ಕೆರೆ ಹತ್ರದೋಳು."

ಇಬ್ಬರೂ ‘ಲಕ್ಷ್ಮಮ್ಮ ಕೋಂ ನಂಜೇಗೌಡ’. ಹೆಸರು ಬದಲಿಸಿ ಹೇಳುತ್ತಿದ್ದೇನೆ, ಆದರೆ ವಿಷಯ ಇದೇ. ಹೆಂಡತಿಯರ ಹೆಸರೂ ಒಂದೇ, ಗಂಡಂದಿರ ಹೆಸರೂ ಒಂದೇ. ಊರವರಿಗೆ ಇದರಿಂದ ಯಾವತ್ತೂ ತೊಂದರೆ ಆಗಿರಲಿಲ್ಲ. ತೊಂದರೆ ಆದದ್ದು ನನ್ನ ಜಾವಾ ಕೋಡಿಗೆ.

ಪಟ್ಟಿ ಹೆಸರಿನ ಪ್ರಕಾರ ಬರಬೇಕು ಅಂತ ಸಂಘದವರು ಕೇಳಿದ್ದರು. ನಾನು ಡೇಟಾಬೇಸಿನಿಂದ ಬಂದ ಒಂದೊಂದು ರೆಕಾರ್ಡನ್ನೂ ಜಾವಾದಲ್ಲಿ ಡೇಟಾ ಇಟ್ಟುಕೊಳ್ಳುವ ಒಂದು ಪೆಟ್ಟಿಗೆಯಾದ ಟ್ರೀಸೆಟ್‌ಗೆ ಹಾಕಿದ್ದೆ. ಹಾಕುತ್ತಿದ್ದಂತೆ ತಾನೇ ಸಾಲಾಗಿ ಜೋಡಿಸಿಕೊಳ್ಳುತ್ತದಲ್ಲ, ಬೇರೆ ಸಾರ್ಟ್ ಯಾಕೆ ಅಂತ. ಎರಡು ರೆಕಾರ್ಡ್ ಹೋಲಿಸುವ ಕಂಪೇರೇಟರ್ ಕೂಡ ಬರೆದಿದ್ದೆ: ಮೊದಲು ಹೆಸರು ನೋಡು, ಅದು ಒಂದೇ ಆದರೆ ತಂದೆ ಅಥವಾ ಗಂಡನ ಹೆಸರು ನೋಡು. ಇಷ್ಟು ಸಾಕು ಅಂದುಕೊಂಡಿದ್ದೆ.

ಟ್ರೀಸೆಟ್ ಒಳಗೆ ಏನಾಗುತ್ತದೆ ನೋಡಿ. ಹೊಸ ರೆಕಾರ್ಡ್ ಬಂದಾಗ ಅದು ಮರದ ತುದಿಯಿಂದ ಇಳಿಯುತ್ತಾ ಬರುತ್ತದೆ. ಸಿಕ್ಕ ಪ್ರತಿ ಗಂಟಿನಲ್ಲೂ ಕಂಪೇರೇಟರನ್ನು ಕೇಳುತ್ತದೆ: ಚಿಕ್ಕದಾ? ಎಡಕ್ಕೆ ಹೋಗು. ದೊಡ್ಡದಾ? ಬಲಕ್ಕೆ ಹೋಗು. ಉತ್ತರ ಸೊನ್ನೆ (ಎರಡೂ ಸಮ) ಬಂತೋ, ‘ಓ, ಇವರು ಆಗಲೇ ಇದ್ದಾರೆ’ ಅಂತ ಹೊಸಬರನ್ನು ಬಿಟ್ಟುಬಿಡುತ್ತದೆ. ತಪ್ಪಾಯಿತು ಅಂತ ಕೂಗುವ ಎಕ್ಸೆಪ್ಶನ್ ಇಲ್ಲ, ಆಗಿದ್ದನ್ನು ಬರೆದಿಡುವ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ‘ಆ್ಯಡ್’ ಮೆಥಡ್ ಸುಮ್ನೆ ‘ಫಾಲ್ಸ್’, ಅಂದರೆ ಸೇರಿಸಲಿಲ್ಲ, ಅನ್ನುತ್ತದೆ. ಅದನ್ನು ಯಾರು ನೋಡ್ತಾರೆ? ನಾನಂತೂ ನೋಡಿರಲಿಲ್ಲ.

ಸದಸ್ಯರ ನಂಬರ್ ನೋಡಿ ಇಬ್ಬರು ಬೇರೆ ಅಂತ ಹೇಳುವ ‘ಈಕ್ವಲ್ಸ್’ ನನ್ನ ಕ್ಲಾಸಿನಲ್ಲಿ ಸರಿಯಾಗೇ ಇತ್ತು. ಆದರೆ ಟ್ರೀಸೆಟ್ ಅದನ್ನು ಕೇಳುವುದೇ ಇಲ್ಲ. ಅದಕ್ಕೆ ಕಂಪೇರೇಟರ್ ಹೇಳಿದ್ದೇ ಕೊನೆ ಮಾತು. ನಾನು ‘ಯಾರು ಮುಂದೆ, ಯಾರು ಹಿಂದೆ’ ಅಂತ ಮಾತ್ರ ಬರೆದಿದ್ದೇನೆ ಅಂದುಕೊಂಡಿದ್ದೆ. ಅದು ‘ಯಾರು ಯಾರು’ ಅನ್ನುವುದನ್ನೂ ಅದರಿಂದಲೇ ತೀರ್ಮಾನ ಮಾಡುತ್ತಿತ್ತು. ಕೀ ಹೇಳಿದರೆ ಅದರ ವ್ಯಾಲ್ಯೂ ಕೊಡುವ ಟ್ರೀಮ್ಯಾಪ್ ಆಗಿದ್ದರೆ ಇನ್ನೂ ವಿಚಿತ್ರ. ಅಲ್ಲಿ ಹಳೆಯ ಕೀ ಹಾಗೇ ಉಳಿದು, ಅದರ ಮೇಲೆ ಹೊಸಬರ ವ್ಯಾಲ್ಯೂ ಬಂದು ಕೂರುತ್ತದೆ.

ಇದು ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂದರೆ, ಪಟ್ಟಿಯ ಕೊನೆಯ ಒಟ್ಟು ಮೊತ್ತವನ್ನೂ ಅದೇ ಟ್ರೀಸೆಟ್ಟಿನಿಂದ ಕೂಡಿಸುತ್ತಿದ್ದೆ. ಹೆಸರು ಬಿಟ್ಟುಹೋದರೆ ಮೊತ್ತವೂ ಅಷ್ಟೇ ಕಮ್ಮಿ. ಲೆಕ್ಕ ತಾಳೆ ಆಗದೆ ಇನ್ನೇನು! ಡೇಟಾಬೇಸಿನಲ್ಲಿ ನೇರವಾಗಿ ಎಣಿಸಿದಾಗ 214 ಜನ. ನನ್ನ ಟ್ರೀಸೆಟ್ಟಿನಲ್ಲಿ 211. ಲಕ್ಷ್ಮಮ್ಮನ ಜೊತೆ ಇನ್ನಿಬ್ಬರು ಕಾಣೆಯಾಗಿದ್ದರು. ಅವರು ಇನ್ನೂ ಕೇಳಿರಲಿಲ್ಲ, ಅಷ್ಟೇ.

ಸರಿ ಮಾಡಿದ್ದು ಒಂದೇ ಸಾಲಿನಲ್ಲಿ. ಕಂಪೇರೇಟರಿನ ಕೊನೆಗೆ ‘ದೆನ್‌ಕಂಪೇರಿಂಗ್’ ಹಾಕಿ ಸದಸ್ಯರ ನಂಬರ್ ಸೇರಿಸಿದೆ. ಅದು ಪ್ರೈಮರಿ ಕೀ, ಇಬ್ಬರಿಗೆ ಒಂದೇ ಇರಲು ಸಾಧ್ಯವಿಲ್ಲ. ನಮ್ಮ ಸೀನಿಯರ್ ನೋಡಿ, "ಇದಕ್ಕೆ ಟ್ರೀಸೆಟ್ಟೇ ಯಾಕೆ ಬೇಕಿತ್ತಮ್ಮಾ? ಕ್ವೆರಿಯಲ್ಲಿ ಆರ್ಡರ್ ಬೈ ಹಾಕಿ ಅರೇಲಿಸ್ಟ್‌ಗೆ ತುಂಬಿದ್ರೆ ಬಂದ ಸಾಲಲ್ಲೇ ಇರ್ತಿತ್ತಲ್ವಾ?" ಅಂದರು. ನಿಜವೇ. ಡೇಟಾಬೇಸೇ ಸಾಲಾಗಿ ಜೋಡಿಸಿ ಕೊಡುತ್ತಿತ್ತು, ಅರೇಲಿಸ್ಟ್ ಯಾರನ್ನೂ ಬಿಡುತ್ತಿರಲಿಲ್ಲ. ಉತ್ತರ ಕೊಡಲಿಲ್ಲ.

ಈ ತಪ್ಪು ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಕಾಳಮ್ಮ ಮೊದಲು, ಕಾವೇರಮ್ಮ ಆಮೇಲೆ. ಜಾವಾದ ಸ್ಟ್ರಿಂಗ್ ಹೋಲಿಕೆ ಪ್ರತಿ ಅಕ್ಷರಕ್ಕೆ ಕೊಟ್ಟಿರುವ ಯೂನಿಕೋಡ್ ನಂಬರ್ ನೋಡುತ್ತದೆ. ಅಲ್ಲಿ ‘ಳ’ ಇರುವುದು ‘ಲ’ ಆದ ಮೇಲೆ, ‘ವ’ಕ್ಕಿಂತ ಮುಂಚೆ. ನಾವು ಬಾಯಿಪಾಠ ಮಾಡಿದ್ದು ‘ಹ’ ಆದ ಮೇಲೆ ‘ಳ’ ಅಂತ. ಒಂದನೇ ಕ್ಲಾಸಿನ ಮೇಷ್ಟ್ರು ಇದನ್ನು ಪಾಸ್ ಮಾಡುತ್ತಿರಲಿಲ್ಲ.

ಹಾಗಂತ ಟ್ರೀಮ್ಯಾಪ್ ಬಿಟ್ಟಿಲ್ಲ. ಹಾಲಿನ ದರಪಟ್ಟಿಗೆ ಅದರಷ್ಟು ಹೊಂದುವುದು ಬೇರೆ ಇಲ್ಲ. ನಮ್ಮ ಟೇಬಲ್ಲಿನಲ್ಲಿ ಫ್ಯಾಟ್ 3.0, 3.5, 4.0 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದರ ಇದೆ. ಮಿಷನ್‌ನಲ್ಲಿ 3.7 ಬಂದರೆ 3.5ರ ದರ ಕೊಡಬೇಕು. ಟ್ರೀಮ್ಯಾಪಿನ ‘ಫ್ಲೋರ್ ಎಂಟ್ರಿ’ ಮಾಡುವುದು ಇದನ್ನೇ: ಕೇಳಿದ್ದು ಸಿಗದಿದ್ದರೆ ಅದರ ಕೆಳಗಿನ ಮೆಟ್ಟಿಲು ಕೊಡುತ್ತದೆ. ಬೆಳಿಗ್ಗೆ ಒಂದು ಸಲ ಟೇಬಲ್ ಓದಿ ಇಟ್ಟುಕೊಂಡರೆ, ಒಬ್ಬೊಬ್ಬರು ಹಾಲು ಹಾಕುವಾಗಲೂ ಡೇಟಾಬೇಸಿಗೆ ಹೋಗುವ ಕೆಲಸವಿಲ್ಲ.

ಮೊದಲು ಅಲ್ಲಿ ಸಾಲಾಗಿ ಜೋಡಿಸದೆ ಕೀ, ವ್ಯಾಲ್ಯೂ ಇಟ್ಟುಕೊಳ್ಳುವ ಹ್ಯಾಶ್‌ಮ್ಯಾಪ್ ಇತ್ತು, ಮಿಷನ್ ಓದಿದ್ದನ್ನು ನಾವೇ ಮೆಟ್ಟಿಲಿಗೆ ಇಳಿಸಿ ಕೇಳುತ್ತಿದ್ದೆವು. ಡೇಟಾಬೇಸಿನಿಂದ ಬರುವ ದಶಮಾಂಶ ಸಂಖ್ಯೆ (ಬಿಗ್‌ಡೆಸಿಮಲ್) 3.50, ನಾವು ಕೇಳುವುದು 3.5. ಹ್ಯಾಶ್‌ಮ್ಯಾಪ್ ‘ಈಕ್ವಲ್ಸ್’ ಕೇಳುತ್ತದೆ, ‘ಈಕ್ವಲ್ಸ್’ ಪ್ರಕಾರ ಇವೆರಡೂ ಬೇರೆ, ದರ ಸಿಗುತ್ತಿರಲಿಲ್ಲ. ಟ್ರೀಮ್ಯಾಪ್ ಹೋಲಿಸಿ ನೋಡುತ್ತದೆ, ಸೊನ್ನೆ ಬರುತ್ತದೆ, ಎರಡೂ ಒಂದೇ ಅನ್ನುತ್ತದೆ. ಲಕ್ಷ್ಮಮ್ಮನನ್ನು ನುಂಗಿದ ಅದೇ ಬುದ್ಧಿ ಇಲ್ಲಿ ನಮ್ಮನ್ನು ಉಳಿಸಿತು.

ಎರಡೇ ವಾರ. ಒಂದು ದಿನ ಬೆಳಿಗ್ಗೆ ಆರೂವರೆಗೆ ಅದೇ ಕಾರ್ಯದರ್ಶಿಯ ಫೋನ್. "ಮೇಡಂ, ಕಂಪ್ಯೂಟರ್ ನಿಂತೋಯ್ತು. ಎಲ್ರೂ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತವ್ರೆ." ಯಾರದ್ದೋ ಹಾಲಿನಲ್ಲಿ ಫ್ಯಾಟ್ 2.9 ಬಂದಿತ್ತು. 3.0ರ ಕೆಳಗೆ ಮೆಟ್ಟಿಲೇ ಇಲ್ಲ. ‘ಫ್ಲೋರ್ ಎಂಟ್ರಿ’ ‘ನಲ್’, ಅಂದರೆ ಏನೂ ಇಲ್ಲ ಅಂತ, ಕೊಟ್ಟಿತ್ತು, ನಾನು ಅದನ್ನೂ ನೋಡಿರಲಿಲ್ಲ. ಈ ಸಲ ಮಾತ್ರ ಲಾಗ್ ತುಂಬ ಕೆಂಪು ಕೆಂಪು ಸಾಲು. ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದು ಅದನ್ನು ನೋಡಿದಾಗ, ಬೈಸಿಕೊಂಡರೂ, ಒಂಥರಾ ಸಮಾಧಾನವೇ ಆಯಿತು.