ಬದುವಿನ ಮೇಲೆ ಕೂತು ಬಿಚ್ಚಿದ ಹುಚ್ಚೆಳ್ಳಿನ ಹೂವು

ದೀಪಾವಳಿ ಹೊತ್ತಿಗೆ ನಮ್ಮ ಕೊರಟಗೆರೆ ಕಡೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ (ರಾಗಿಯ ನಡುನಡುವೆ ಬೇರೆ ಬೆಳೆ ಬಿತ್ತುವ ಸಾಲು) ಹುಚ್ಚೆಳ್ಳು ಹಳದಿಯಾಗಿ ಅರಳಿರುತ್ತದೆ. ಈ ಸಲ ಹೋದಾಗ ಜೇಬಲ್ಲಿ ಭೂತಗನ್ನಡಿ ಇತ್ತು. ಚಿಕ್ಕಪ್ಪ ದನಕ್ಕೆ ಹುಲ್ಲು ಕೊಯ್ಯುತ್ತಿದ್ದರು. ನಾನು ಬದುವಿನ ಮೇಲೆ ಕೂತು ಒಂದು ಹೂ ಕಿತ್ತು ಬಿಚ್ಚತೊಡಗಿದೆ.

ಸುತ್ತಲೂ ಎಂಟು ಎಸಳು. ಅಸಲಿಗೆ ಅವು ಎಸಳುಗಳಲ್ಲ, ಒಂದೊಂದೂ ಒಂದೊಂದು ಹೆಣ್ಣು ಹೂವು, ತುದಿಯಲ್ಲಿ ಮೂರು ಹಲ್ಲು. ನಡುವೆ ಕಿಕ್ಕಿರಿದ ಪುಟ್ಟ ಕೊಳವೆ ಹೂಗಳಲ್ಲಿ ಗಂಡು ಹೆಣ್ಣು ಎರಡೂ ಇವೆ. ಅಂಚಿನವು ಆಗಲೇ ಅರಳಿದ್ದವು, ಮಧ್ಯದವು ಇನ್ನೂ ಮೊಗ್ಗು. ಗಂಡು ಭಾಗವಾದ ಕೇಸರಗಳ ತಲೆಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿವೆ. ಹೆಣ್ಣು ಭಾಗದ ಕಡ್ಡಿ, ಅಂದರೆ ಶಲಾಕೆ, ಅದರೊಳಗೆ ಬೆಳೆಯುತ್ತಾ, ಶ್ಯಾವಿಗೆ ಒರಳಲ್ಲಿ ಹಿಟ್ಟು ಒತ್ತಿದ ಹಾಗೆ ಪರಾಗವನ್ನು ಹೊರಗೆ ನೂಕುತ್ತದೆ. ಹೂವಿನ ಬುಡದಲ್ಲಿ ಸಣ್ಣ ಕೂದಲು. ಹುಚ್ಚೆಳ್ಳು ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳು ಸೇರಿದ ಕುಲದ ಗುರುತುಗಳಲ್ಲಿ ಅದೂ ಒಂದು.

"ಹೂವೆಲ್ಲ ಕಿತ್ತು ಹಾಕಿದ್ರೆ ಚಟ್ನಿಪುಡಿಗೆ ಏನ್ ಮಾಡ್ತೀಯಪ್ಪ?" ಅಂದರು ಚಿಕ್ಕಪ್ಪ.

ಕೊಟ್ಟಿಗೆ ಹಿಂದೆ ತಾನಾಗೇ ಹುಟ್ಟಿದ ಒಂದು ಗಿಡ ತೋರಿಸಿದೆ. ಎದೆಯೆತ್ತರ ಬೆಳೆದು, ಮೈತುಂಬ ಹೂವು. ಅದರಿಂದ ಕೀಳ್ತೀನಿ ಬಿಡಿ ಅಂದೆ. "ಅದು ಒಂಟಿ ಗಿಡ. ಬರೀ ಜೊಳ್ಳು" ಅಂದರು. ಒಣಗಿದ ತೆನೆ ಅಂಗೈಲಿ ತಿಕ್ಕಿದರೆ ನಿಜವೇ, ಗಟ್ಟಿ ಕಾಳು ಸಿಕ್ಕಿದ್ದು ಅಪರೂಪ. ಹುಚ್ಚೆಳ್ಳು ತನ್ನದೇ ಪರಾಗವನ್ನು ಒಪ್ಪುವುದು ತೀರಾ ಕಡಿಮೆ. ಪಕ್ಕದಲ್ಲಿ ಬೇರೆ ಗಿಡ ಬೇಕು, ನಡುವೆ ಓಡಾಡಲು ಜೇನೂ ಬೇಕು. ಪುಸ್ತಕ ಓದಿ ನಾನು ತಿಳಿದಿದ್ದನ್ನು ಅವರು ಕಾಳು ತೂರಿ ತಿಳಿದಿದ್ದರು.

ಈ ಕುಲಕ್ಕೆ ಗಿಜೋಟಿಯಾ ಎಂದು ಹೆಸರಿಟ್ಟವನು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಕ್ಯಾಸಿನಿ, 1829ರಲ್ಲಿ. ಕುಲದ ತವರು ಆಫ್ರಿಕಾ. ನಮ್ಮ ಹುಚ್ಚೆಳ್ಳು ಇಥಿಯೋಪಿಯಾದ್ದು, ಅಲ್ಲಿ ಈಗಲೂ ಎಣ್ಣೆಗೆ ಬೆಳೆಯುತ್ತಾರೆ. ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂತು? ಬದುವಿನಲ್ಲೇ ಇದ್ದ ಟ್ರೈಡಾಕ್ಸ್ ಕಳೆಯ ಬೀಜಕ್ಕೆ ಗರಿಯಂಥ ಕುಚ್ಚು ಇದೆ, ಗಾಳಿ ಹೊತ್ತೊಯ್ಯುತ್ತದೆ. ಹುಚ್ಚೆಳ್ಳಿನ ಕರಿ ಕಾಳಿಗೆ ಅದಿಲ್ಲ, ನುಣ್ಣಗೆ ಬೋಳು. ಯಾರೋ ಗಂಟು ಕಟ್ಟಿ ಹಡಗಿನಲ್ಲಿ ತಂದಿರಲೇಬೇಕು, ಅಲ್ವಾ?

ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರ ಚಿಂತೆ ಬೇರೆ. "ಗಾಳಿಗೆ ಹಾರದಿದ್ರೇನು, ಕೊಯ್ಯೋದು ನಾಲ್ಕು ದಿನ ತಡವಾದ್ರೆ ಅರ್ಧ ಕಾಳು ನೆಲದ ಪಾಲು. ಮುಂದಿನ ವಾರ ನೀನೂ ಬಾ, ಆಳು ಸಿಗ್ತಿಲ್ಲ."